ತಪಸ್ಸುಕಾಲದಲ್ಲಿ ಬಂದ ಕರೆ ಈಗ ಒಣಗಿದಂತಿದೆ: ಕಾನ್ವೆಂಟಿಗೆ ಸೇರಲೇ, ಕಾಯಲೇ?

ಪ್ರಶ್ನೆ: ಸಿಸ್ಟರ್, ನನಗೆ 24 ವರ್ಷ. ಚಿಕ್ಕಮಗಳೂರು ಜಿಲ್ಲೆಯವಳು, ತಂದೆ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಸಂಬಳ 27,000. ಓದಿನ ಸಾಲ ಇನ್ನೂ 1,80,000 ಇದೆ. ಕಳೆದ ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ) ಧ್ಯಾನಕೂಟದಲ್ಲಿ ಕನ್ಯಾಸ್ತ್ರೀ ಆಗಬೇಕೆಂಬ ಆಸೆ ಜೋರಾಗಿ ಹುಟ್ಟಿತು. ಎರಡು ತಿಂಗಳು ಪ್ರಾರ್ಥನೆಗೆ ಕೂತರೆ ಸಾಕು, ಸಂತೋಷಕ್ಕೆ ಕಣ್ಣೀರು ಬರುತ್ತಿತ್ತು. ಈಗ ಮೂರು ತಿಂಗಳಿಂದ ಏನೂ ಇಲ್ಲ, ಜಪಸರ ಹಿಡಿದರೂ ಬೇಸರ. ಗೆಳತಿಯ ಮದುವೆಗೆ ಹೋಗಿ ಬಂದ ಮೇಲಂತೂ ನನಗೂ ಹೀಗೊಂದು ಸಂಸಾರ ಬೇಕಿತ್ತೇನೋ ಎನಿಸುತ್ತಿದೆ. ದೇವರ ಕರೆ ಹೋಗಿಬಿಟ್ಟಿತೇ? ಪೂರ್ತಿ ಆರಿಹೋಗುವ ಮೊದಲು ಬರುವ ಜೂನ್‌ನಲ್ಲಿ ಸೇರಿಬಿಡಲೇ? ಅಪ್ಪ ಒಪ್ಪುತ್ತಿಲ್ಲ. ಸೇರಿ ನಡುವೆ ಬಿಟ್ಟುಬಂದರೆ ಊರಿನಲ್ಲಿ ಮುಖ ತೋರಿಸುವುದು ಹೇಗೆ?

ಉತ್ತರ: ತಂಗಿ, ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಕರೆ ಇದೆಯೋ ಇಲ್ಲವೋ ಎಂಬುದನ್ನು ಈ ಮೂರು ತಿಂಗಳ ಬೇಸರದಿಂದ ತೀರ್ಮಾನಿಸಬೇಡಿ. ಆ ಎರಡು ತಿಂಗಳ ಕಣ್ಣೀರಿನಿಂದಲೂ ಬೇಡ. ಬರುವ ಜೂನ್‌ನಲ್ಲಿ ಸೇರಬೇಡಿ, ಅದರ ಮುಂದಿನ ಜೂನ್‌ಗೆ ಗುರಿ ಇಟ್ಟುಕೊಳ್ಳಿ. ಇದಕ್ಕೆ ಅರ್ಧ ಕಾರಣ ಆತ್ಮದ ವಿಷಯದ್ದು, ಇನ್ನರ್ಧ ಬರೀ ಲೆಕ್ಕದ್ದು. ಲೆಕ್ಕವನ್ನೇ ಮೊದಲು ನೋಡೋಣ, ಯಾಕೆಂದರೆ ಇದನ್ನು ಯಾರೂ ಸಮಯಕ್ಕೆ ಸರಿಯಾಗಿ ಹೇಳುವುದಿಲ್ಲ.

ತೀರಿಸಲಾಗದ ಸಾಲ ಹೊತ್ತವರನ್ನು ನೊವಿಷಿಯೇಟಿಗೆ (ವ್ರತಕ್ಕೆ ಮುಂಚಿನ ತರಬೇತಿಗೆ) ಸೇರಿಸಿಕೊಳ್ಳಬಾರದು ಎಂದು ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 644ನೇ ವಿಧಿ ಹೇಳುತ್ತದೆ. ಕೆಲಸ ಬಿಟ್ಟು ಕಾನ್ವೆಂಟಿಗೆ ಹೋದ ದಿನವೇ ನಿಮ್ಮ ಸಂಬಳ ನಿಲ್ಲುತ್ತದೆ. ಆಮೇಲೆ ಕಂತು ಕಟ್ಟುವವರು ಯಾರು? ನಿಮ್ಮ ತಂದೆ. ಅವರ ವಿರೋಧದ ಒಂದು ಪಾಲು ಇಲ್ಲಿಯೇ ಇರಬಹುದು, ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ. ನಿಮ್ಮ ಸಂಬಳದಲ್ಲಿ ಪಿ.ಜಿ. ಬಾಡಿಗೆ, ಊಟಕ್ಕೆ 9,000, ಕೈಖರ್ಚಿಗೆ 3,000, ಮನೆಗೆ 5,000 ಎಂದಿಟ್ಟುಕೊಂಡರೆ 10,000 ಉಳಿಯುತ್ತದೆ. ಅಷ್ಟನ್ನೂ ಸಾಲಕ್ಕೆ ಕಟ್ಟಿದರೆ, ಬಡ್ಡಿ ಶೇ. 10 ಇದ್ದರೆ, 20 ತಿಂಗಳಲ್ಲಿ ತೀರುತ್ತದೆ. ಬರುವ ಅಕ್ಟೋಬರ್‌ನಿಂದ ಎಣಿಸಿದರೆ ಕೊನೆಯ ಕಂತು ಸರಿಯಾಗಿ ನಾನು ಹೇಳಿದ ಆ ಜೂನ್‌ನ ಹಿಂದಿನ ಮೇ ತಿಂಗಳಿಗೆ ಬೀಳುತ್ತದೆ. ಬಡ್ಡಿ ದರ ಬೇರೆ ಇದ್ದರೆ ಒಂದೆರಡು ತಿಂಗಳು ಹೆಚ್ಚುಕಮ್ಮಿ ಆದೀತು. ಬ್ಯಾಂಕಿಗೆ ಹೋಗಿ, ಅವಧಿಗೆ ಮೊದಲೇ ತೀರಿಸಿದರೆ ದಂಡ ಇದೆಯೇ ಎಂದು ಕೇಳಿಕೊಳ್ಳಿ.

ಈ 20 ತಿಂಗಳು ಕರೆಯಿಂದ ದೂರ ಕಳೆದ ಕಾಲ ಎಂದು ತಿಳಿಯಬೇಡಿ. ಬೇಸರವಾಗಲಿ ಸಂತೋಷವಾಗಲಿ, ತಿಂಗಳ 5ನೇ ತಾರೀಖಿಗೆ ಕಂತು ಹೋಗಲೇಬೇಕು. ಕನ್ಯಾಸ್ತ್ರೀಯ ದಿನವೂ ಬಹುಪಾಲು ಹೀಗೆಯೇ. ಬೆಳಗಿನ ಗಂಟೆ ಹೊಡೆದಾಗ ಎದ್ದೇಳುವುದು ಆ ದಿನದ ಭಾವನೆಯಿಂದ ಆಗುವ ಕೆಲಸವಲ್ಲ.

ಕಾಯುವುದರಲ್ಲಿ ಕರೆ ಕಳೆದುಹೋಗುತ್ತದೆಂಬ ಭಯ ನಿಮ್ಮ ಪತ್ರದಲ್ಲಿ ಎದ್ದು ಕಾಣುತ್ತದೆ. ಸಂತ ಜೋಸೆಫ್ ವಾಜ್ ಅವರನ್ನು ನೆನೆಯಿರಿ. 1651ರಲ್ಲಿ ಗೋವಾದ ಬೆಣಾವಲಿಯಲ್ಲಿ ಹುಟ್ಟಿ 1676ರಲ್ಲಿ ಗುರುದೀಕ್ಷೆ ಪಡೆದವರು. ಸಿಂಹಳದಲ್ಲಿ (ಇಂದಿನ ಶ್ರೀಲಂಕಾ) ಡಚ್ಚರು ಕಥೋಲಿಕ ಗುರುಗಳನ್ನು ಓಡಿಸಿ, ಅಲ್ಲಿನ ಭಕ್ತರು ಬಲಿಪೂಜೆ (ಮಾಸ್) ಇಲ್ಲದೆ ವರ್ಷಗಟ್ಟಲೆ ಕಳೆಯುತ್ತಿದ್ದಾರೆಂದು ಕೇಳಿ ಅಲ್ಲಿಗೇ ಹೋಗಬೇಕೆಂದು ಮನಸ್ಸು ಮಾಡಿದರು. ಮೇಲಿನವರು ಕಳಿಸಿದ್ದು ಮಾತ್ರ ನಮ್ಮ ಕೆನರಾಕ್ಕೆ, 1681ರಲ್ಲಿ. ಅಧಿಕಾರ ಯಾರದೆಂಬ ಜಗಳದಿಂದ ಒಡೆದುಹೋಗಿದ್ದ ಇಲ್ಲಿನ ಕ್ರೈಸ್ತರ ನಡುವೆ ಮೂರು ವರ್ಷ ದುಡಿದರು. ಮನಸ್ಸೆಲ್ಲ ಸಿಂಹಳದಲ್ಲಿದೆ ಎಂದು ಇಲ್ಲಿನ ಕೆಲಸವನ್ನು ಅರ್ಧ ಮನಸ್ಸಿನಿಂದ ಮಾಡಲಿಲ್ಲ. ಮಂಗಳೂರಿನ ಬಳಿಯ ಮುಡಿಪುವಿನಲ್ಲಿ ಇಂದಿಗೂ ಜನ ಅವರನ್ನು ನೆನೆದು ಬೆಟ್ಟ ಹತ್ತುತ್ತಾರೆ. ಕೂಲಿಯಾಳಿನ ವೇಷದಲ್ಲಿ ಅವರು ಸಿಂಹಳ ತಲುಪಿದ್ದು 1687ರಲ್ಲಿ. ಅಲ್ಲಿಂದ ಮರಳಿ ಬರಲೇ ಇಲ್ಲ, 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. ನಿಮ್ಮ 20 ತಿಂಗಳಿಗಿಂತ ಅವರು ಕಾದದ್ದು ಹೆಚ್ಚು.

ಈಗ ಒಣಗಿದ ಮನಸ್ಸಿನ ವಿಷಯ. ಇದರಲ್ಲಿ ಧರ್ಮಸಭೆ ಹೆಚ್ಚಾಗಿ ನೆಚ್ಚುವುದು ಸಂತ ಇಗ್ನೇಷಿಯಸ್ ಲೊಯೋಲರ ಅನುಭವವನ್ನು. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದ ಸೈನಿಕ ಅವರು. ಹೊತ್ತು ಹೋಗದೆ ಎರಡು ಬಗೆಯ ಕನಸು ಕಾಣುತ್ತಿದ್ದರು. ಒಂದು, ಮತ್ತೆ ಶೂರನಾಗಿ ಒಬ್ಬ ದೊಡ್ಡ ಮನೆತನದ ಹೆಣ್ಣಿನ ಮನಸ್ಸು ಗೆಲ್ಲುವುದು. ಇನ್ನೊಂದು, ಸಂತರಂತೆ ಬರಿಗಾಲಿನಲ್ಲಿ ಕ್ರಿಸ್ತನ ಹಿಂದೆ ಹೋಗುವುದು. ಕಾಣುವಾಗ ಎರಡೂ ಸಿಹಿಯೇ. ಮುಗಿದ ಮೇಲೆ ಮೊದಲನೆಯದು ಬಾಯಿ ಒಣಗಿಸುತ್ತಿತ್ತು, ಎರಡನೆಯದರ ತಂಪು ಹಾಗೇ ಉಳಿಯುತ್ತಿತ್ತು. ಆಸೆಯ ಜೋರನ್ನು ಬಿಟ್ಟು, ಅದು ಹಿಂದೆ ಉಳಿಸಿಹೋಗುವ ರುಚಿಯನ್ನು ನೋಡುವುದನ್ನು ಅವರು ಕಲಿತದ್ದು ಅಲ್ಲಿ.

ಆ ಕಲಿಕೆಯಿಂದ ಎರಡು ನಿಯಮಗಳು ಬಂದವು. ಒಂದನ್ನು ಎಲ್ಲರೂ ಹೇಳುತ್ತಾರೆ: ಮನಸ್ಸು ಬರಡಾದ ಹೊತ್ತಿನಲ್ಲಿ ಹಿಂದೆ ಮಾಡಿದ ತೀರ್ಮಾನ ಬದಲಿಸಬಾರದು. ಇನ್ನೊಂದನ್ನು ಹೇಳುವವರು ಕಡಿಮೆ: ಮನಸ್ಸು ಉಕ್ಕುತ್ತಿರುವ ಹೊತ್ತಿನಲ್ಲಿ ಆತುರದ ಹರಕೆ, ವ್ರತ, ಮಾತು ಕೊಡಬಾರದು. ಧ್ಯಾನಕೂಟ ನಡೆಸುವವರೇ ಇದನ್ನು ತಡೆಯಬೇಕು ಎಂದು ಅವರು ಬರೆದಿದ್ದಾರೆ. ಧ್ಯಾನಕೂಟದ ಕೊನೆಯ ದಿನ ಅಳುತ್ತಾ ಹೆಸರು ಬರೆಸುವ ಹುಡುಗಿಯರಲ್ಲಿ ಎಷ್ಟೋ ಮಂದಿ ಮೊದಲ ವರ್ಷವೇ ಮನೆಗೆ ಮರಳುವುದಕ್ಕೆ ಕಾರಣ ಅವರ ಭಕ್ತಿ ಸುಳ್ಳೆಂದಲ್ಲ, ಆ ಬಿಸಿಯಲ್ಲಿ ಅವರನ್ನು ಯಾರೂ ತಡೆಯಲಿಲ್ಲ ಎಂಬುದು.

ಇದು ನಿಮ್ಮ ತಂದೆಗೆ ಗೊತ್ತಿರುವ ಸಂಗತಿಯೇ. ಕಾಫಿ ಗಿಡ ಹೂ ಬಿಡಬೇಕಾದರೆ ಮೊದಲು ಒಣಹವೆ ಬೇಕು. ಆಮೇಲೆ ಹೂಮಳೆ. ಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಘಮ ಎನ್ನುತ್ತದೆ. ಆ ಬಿಳಿ ನೋಡಿ ಯಾವ ರೈಟರೂ ಮೂಟೆ ಲೆಕ್ಕ ಬರೆಯುವುದಿಲ್ಲ. ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬಿದ್ದು ಕಾಯಿ ಕಚ್ಚಬೇಕು. ನಿಮ್ಮ ತಪಸ್ಸುಕಾಲ ಹೂಮಳೆ. ಕಾಯಿ ಕಚ್ಚಿದೆಯೇ ಎಂದು ನೋಡಲು ಕಾಲ ಬೇಕು.

ಹಾಗಾದರೆ ಈ 20 ತಿಂಗಳು ದಿನಕ್ಕೆ ಏನು ಮಾಡಬೇಕು? ಬೆಳಿಗ್ಗೆ 5ಕ್ಕೆ ಏಳಿ ಎಂದು ಹೇಳುವುದು ಸುಲಭ. ನಿಮ್ಮದು ಶಿಫ್ಟ್ ಡ್ಯೂಟಿ, ಗಡಿಯಾರಕ್ಕೆ ಕಟ್ಟಿದ ನಿಯಮ ಎರಡನೇ ವಾರಕ್ಕೇ ಮುರಿಯುತ್ತದೆ. ಪ್ರಾರ್ಥನೆಯನ್ನು ಎದ್ದ ಹೊತ್ತಿಗೆ ಕಟ್ಟಿ. ಯಾವ ಹೊತ್ತಿಗೆ ಎದ್ದರೂ ಎದ್ದ ಒಂದು ಗಂಟೆಯೊಳಗೆ, ಫೋನ್ ಮುಟ್ಟುವ ಮೊದಲು, 30 ನಿಮಿಷ. ಬೈಬಲಿನಿಂದ ಅಂದಿನ ಶುಭಸಂದೇಶದ ಭಾಗ ಒಂದು ಸಲ ಓದಿ, ಒಂದು ಮಾತನ್ನು ಹಿಡಿದು ಸುಮ್ಮನೆ ಕೂರಿ. ರಾತ್ರಿ ಪಾಳಿ ಮುಗಿಸಿ ಬಂದು ತೂಕಡಿಸುತ್ತಾ ಜಪ ಮಾಡಬೇಡಿ. ಮೊದಲು ನಿದ್ದೆ, ಎದ್ದ ಮೇಲೆ ಪ್ರಾರ್ಥನೆ. ಬೇಸರ ಬಂದ ದಿನ 30 ನಿಮಿಷವನ್ನು 20ಕ್ಕೆ ಇಳಿಸುವ ಆಸೆ ಬರುತ್ತದೆ. ಅಂಥ ದಿನ ಬೇಕೆಂದೇ 32 ನಿಮಿಷ ಕೂರಬೇಕು. ನಿಗದಿತ ಹೊತ್ತಿಗಿಂತ ಸ್ವಲ್ಪ ಹೆಚ್ಚೇ ಕೂರು ಎಂಬುದು ಇಗ್ನೇಷಿಯಸರದೇ ಸಲಹೆ. ಒಂದು ಗಂಟೆಗೆ ಏರಿಸಬೇಡಿ, ಮರುದಿನ ಸೊನ್ನೆಗೆ ಬರುತ್ತೀರಿ.

ಮಲಗುವ ಮೊದಲು 10 ನಿಮಿಷ ಆತ್ಮಪರಿಶೀಲನೆ. ದೇವರಿಗೆ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನವನ್ನು ಗಂಟೆಗಂಟೆಗೆ ಹಿಂದಕ್ಕೆ ನೋಡುವುದು, ತಪ್ಪಿಗೆ ಕ್ಷಮೆ, ನಾಳೆಗೆ ಒಂದು ಸಣ್ಣ ನಿರ್ಧಾರ. ಇದರ ಜೊತೆ ಒಂದು 200 ಪುಟದ ನೋಟ್‌ಬುಕ್ ಇರಲಿ. ದಿನಕ್ಕೆ ಎರಡೇ ಸಾಲು: ಇಂದು ಯಾವುದು ನನ್ನನ್ನು ದೇವರ ಕಡೆಗೆ, ಜನರ ಕಡೆಗೆ ಎಳೆಯಿತು, ಯಾವುದು ಒಳಗೊಳಗೇ ಕುಗ್ಗಿಸಿತು. ವಾರ್ಡಿನಲ್ಲಿ ಒಬ್ಬ ಅಜ್ಜಿಯ ಬೆನ್ನಿನ ಹುಣ್ಣಿಗೆ ಡ್ರೆಸಿಂಗ್ ಮಾಡುವಾಗ ಸಿಕ್ಕ ನೆಮ್ಮದಿಯನ್ನೂ ಬರೆಯಿರಿ. ಆರು ತಿಂಗಳಾದ ಮೇಲೆ ಒಂದೇ ಕೂತಿನಲ್ಲಿ ಓದಿ. ಒಂದು ದಿನದ ಬರಹದಲ್ಲಿ ಏನೂ ಕಾಣದು, 180 ದಿನದ್ದರಲ್ಲಿ ದಾರಿ ಕಾಣುತ್ತದೆ. ಭಾನುವಾರದ ಜೊತೆ ವಾರದಲ್ಲಿ ಇನ್ನೆರಡು ದಿನ ಬಲಿಪೂಜೆ, ತಿಂಗಳಿಗೊಮ್ಮೆ ಪಾಪನಿವೇದನೆ. ಇದಕ್ಕಿಂತ ಹೆಚ್ಚು ಈಗ ಬೇಡ.

ಬರಡುತನ ಯಾಕೆ ಬರುತ್ತದೆ? ಇಗ್ನೇಷಿಯಸ್ ಮೂರು ಕಾರಣ ಹೇಳುತ್ತಾರೆ: ನಾವೇ ಸೋಮಾರಿಗಳಾಗಿ ಪ್ರಾರ್ಥನೆ ಬಿಟ್ಟಿರುವುದು, ಸಂತೋಷದ ಕೂಲಿ ಸಿಗದಿದ್ದರೂ ಸೇವೆ ಮಾಡುತ್ತೇವೆಯೇ ಎಂದು ದೇವರು ಪರೀಕ್ಷಿಸುವುದು, ಆ ಸಂತೋಷ ನಮ್ಮ ಸಂಪಾದನೆಯಲ್ಲ, ಕೊಡುಗೆ ಎಂದು ತಿಳಿಯುವುದು. ಮೊದಲನೆಯದನ್ನು ನೀವೇ ಪರೀಕ್ಷಿಸಿಕೊಳ್ಳಬಹುದು. ಮೂರು ತಿಂಗಳ ಹಿಂದೆ ಡ್ಯೂಟಿ ಬದಲಾಯಿತೇ? ಮಲಗುವ ಮುನ್ನ ಫೋನ್ ನೋಡುವ ಹೊತ್ತು ಹೆಚ್ಚಾಯಿತೇ? ಯಾರ ಜೊತೆಗಾದರೂ ಮಾತು ಬಿಟ್ಟಿದ್ದೀರೇ? ಇವುಗಳ ಜೊತೆ ನಾಲ್ಕನೆಯದೊಂದನ್ನು ನರ್ಸ್ ಆಗಿ ನೀವು ಮರೆಯಬಾರದು. ಪ್ರಾರ್ಥನೆ ಮಾತ್ರವಲ್ಲ, ಊಟ, ನಿದ್ದೆ, ಗೆಳತಿಯರ ಮಾತು ಎಲ್ಲವೂ ಎರಡು ವಾರಕ್ಕಿಂತ ಹೆಚ್ಚು ಕಾಲ ಬೇಡವಾಗಿದ್ದರೆ ಅದು ಆತ್ಮದ ಪರೀಕ್ಷೆ ಎಂದು ಕೂರಬೇಡಿ, ವೈದ್ಯರನ್ನು ಕಾಣಿ. ಖಿನ್ನತೆಗೆ ಚಿಕಿತ್ಸೆ ಪಡೆದ ಮಾತ್ರಕ್ಕೆ ಕರೆ ಇಲ್ಲವೆಂದಾಗುವುದಿಲ್ಲ. ಮುಚ್ಚಿಟ್ಟು ಸೇರುವುದು ಮಾತ್ರ ತಪ್ಪು.

ಮದುವೆ ಮನೆಯಿಂದ ಬಂದಾಗ ಹುಟ್ಟಿದ ಆಸೆಗೆ ಹೆದರಬೇಡಿ. ಸಂಸಾರ ಬೇಕೆನ್ನಿಸದ ಹೆಣ್ಣಿಗೆ ಬ್ರಹ್ಮಚರ್ಯದ ವ್ರತದಲ್ಲಿ ಕೊಡುವುದಕ್ಕೆ ಏನಿದೆ? ಮದುವೆ ಎಂದರೆ ಅಸಹ್ಯ, ಗಂಡಸರೆಂದರೆ ಭಯ, ಅದಕ್ಕೇ ಕಾನ್ವೆಂಟ್ ಎನ್ನುವವರ ವಿಷಯದಲ್ಲಿ ಅನುಭವಸ್ಥ ಸಿಸ್ಟರ್‌ಗಳು ಹೆಚ್ಚು ಎಚ್ಚರ ವಹಿಸುತ್ತಾರೆ. ನೀವು ಕೇಳಿಕೊಳ್ಳಬೇಕಾದದ್ದು ಇಷ್ಟು: ಆ ಮದುವೆಯ ಚಿತ್ರ ಮನಸ್ಸಿನಿಂದ ಸರಿದ ಮೇಲೆ ಏನು ಉಳಿಯಿತು, ನೆಮ್ಮದಿಯೇ, ಬರೀ ಚಡಪಡಿಕೆಯೇ? ನೆಮ್ಮದಿಯೇ ಉಳಿದು, ತಿಂಗಳುಗಟ್ಟಲೆ ಹಾಗೇ ಇದ್ದರೆ, ದೇವರು ಮದುವೆಗೇ ಕರೆಯುತ್ತಿರಬಹುದು. ಅದೂ ಕರೆಯೇ.

ಮನಸ್ಸು ತಿಳಿಯಾಗಿರುವ ಒಂದು ವಾರ ಬಂದೇ ಬರುತ್ತದೆ, ಉಕ್ಕೂ ಇಲ್ಲದ ಬರವೂ ಇಲ್ಲದ ವಾರ. ಆಗ ಒಂದು ಹಾಳೆಯನ್ನು ನಾಲ್ಕು ಭಾಗ ಮಾಡಿ. ಸೇರಿದರೆ ಆಗುವ ಒಳಿತು, ಸೇರಿದರೆ ಆಗುವ ತೊಂದರೆ, ಸೇರದಿದ್ದರೆ ಒಳಿತು, ಸೇರದಿದ್ದರೆ ತೊಂದರೆ. ಎರಡು ವಾರ ಬಿಟ್ಟು ಹಳೆಯ ಹಾಳೆ ನೋಡದೆ ಮತ್ತೆ ಬರೆಯಿರಿ, ಇನ್ನೆರಡು ವಾರಕ್ಕೆ ಮೂರನೇ ಸಲ. ಮೂರರಲ್ಲೂ ಮತ್ತೆ ಮತ್ತೆ ಬಂದ ಮಾತುಗಳಿಗೆ ಅಡಿಗೆರೆ ಹಾಕಿ. ಆಮೇಲೆ, ನೀವು ಎಂದೂ ನೋಡದ ಒಬ್ಬ ಹುಡುಗಿ ಇದೇ ಹಾಳೆಗಳನ್ನು ತಂದು ನಿಮ್ಮನ್ನು ಕೇಳಿದರೆ ಏನು ಹೇಳುತ್ತೀರಿ ಎಂದು ಯೋಚಿಸಿ. ಹಾಗೆಯೇ ನಿಮ್ಮ ಮರಣದ ಹಾಸಿಗೆಯಲ್ಲಿ ಮಲಗಿ, ಇಂದು ಏನು ತೀರ್ಮಾನಿಸಿದ್ದರೆ ಚೆನ್ನಾಗಿತ್ತು ಎಂದೂ ಕೇಳಿಕೊಳ್ಳಿ. ಸಿಕ್ಕ ಉತ್ತರವನ್ನು ತಾರೀಖು ಹಾಕಿ ಬರೆದಿಡಿ. ಮುಂದೆ ಬರಗಾಲ ಬಂದಾಗ ತೆಗೆದು ಓದುವ ಕಾಗದ ಅದು.

ಇದೆಲ್ಲವನ್ನೂ ಒಬ್ಬರೇ ಮಾಡಬೇಡಿ. ತಿಂಗಳಿಗೊಮ್ಮೆ, ಸುಮಾರು 45 ನಿಮಿಷ, ಒಬ್ಬರ ಜೊತೆ ಮಾತನಾಡಿ. ಅವರು ಗುರುಗಳೇ ಆಗಬೇಕೆಂದಿಲ್ಲ, ಆತ್ಮಮಾರ್ಗದರ್ಶನದಲ್ಲಿ ತರಬೇತಿ ಪಡೆದ ಸಿಸ್ಟರ್ ಆದರೂ ಸರಿ. ನೀವು ಸೇರಬೇಕೆಂದಿರುವ ಸಂಸ್ಥೆಯವರೇ ಆಗದಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಅವರಿಗೆ ನಿಮ್ಮನ್ನು ಸೇರಿಸಿಕೊಳ್ಳುವ ಆತುರ ಇರುವುದಿಲ್ಲ. ನಿಮ್ಮ ಆತ್ಮದ ಒಳಗುಟ್ಟನ್ನು ಹೇಳುವಂತೆ ಮೇಲ್ವಿಚಾರಕರು ಯಾವ ರೀತಿಯಲ್ಲೂ ಒತ್ತಾಯಿಸುವಂತಿಲ್ಲ ಎಂದು 630ನೇ ವಿಧಿ ಹೇಳುತ್ತದೆ. ನೀವಾಗಿಯೇ ನಂಬಿ ಹೇಳಿಕೊಳ್ಳುವುದು ಬೇರೆ ಮಾತು. ಮಾತುಕತೆ ಬಾಗಿಲು ತೆರೆದ ಕೋಣೆಯಲ್ಲಿ, ಹಗಲಿನಲ್ಲಿ ಇರಲಿ. ಹಣ ಕೇಳುವವರು, ರಾತ್ರಿ ಸಂದೇಶ ಕಳಿಸುವವರು, ‘ಇದು ನಮ್ಮಿಬ್ಬರ ನಡುವೆಯೇ ಇರಲಿ’ ಎನ್ನುವವರು ಯಾರೇ ಆಗಿರಲಿ, ಯಾವ ನಿಲುವಂಗಿ ತೊಟ್ಟಿರಲಿ, ಎದ್ದು ಬನ್ನಿ, ನೀವು ನಂಬುವ ಇನ್ನೊಬ್ಬರಿಗೆ ಹೇಳಿ. ಕೆಡುಕನು ಕಳ್ಳ ಪ್ರೇಮಿಯಂತೆ, ಗುಟ್ಟಾಗಿಡು ಎನ್ನುತ್ತಾನೆ ಎಂದು ಇಗ್ನೇಷಿಯಸ್ ಎಚ್ಚರಿಸಿದ್ದು ಸುಮ್ಮನೆ ಅಲ್ಲ.

ಯಾವ ಸಂಸ್ಥೆ ಎಂದು ನೀವು ಬರೆದಿಲ್ಲ. ಇನ್ನೂ ತೀರ್ಮಾನಿಸದಿದ್ದರೆ ಒಳ್ಳೆಯದೇ. ಒಂದೊಂದು ಸಭೆಗೂ (ಕನ್ಯಾಸ್ತ್ರೀಯರ ಸಂಸ್ಥೆಗೂ) ಅದರದೇ ಕೆಲಸ, ಅದರದೇ ಪ್ರಾರ್ಥನೆಯ ರೀತಿ. 1870ರಲ್ಲಿ ಮಂಗಳೂರಿಗೆ ಬಂದ ಅಪೋಸ್ಟಲಿಕ್ ಕಾರ್ಮೆಲ್ ಹೆಚ್ಚಾಗಿ ಶಿಕ್ಷಣದ ಸಭೆ. 1921ರಲ್ಲಿ ಮಂಗಳೂರಿನಲ್ಲೇ ಹುಟ್ಟಿದ ಬೆಥನಿ ಸಭೆ ಹಳ್ಳಿಗಾಡಿಗೂ ಶಾಲೆಗೂ ಹೋಯಿತು. ಕಂಕನಾಡಿಯ ಕಾರ್ಮೆಲ್ ಮಠದ ಸಿಸ್ಟರ್‌ಗಳು ಹೊರಗೆ ಬರುವುದೇ ಇಲ್ಲ, ಪ್ರಾರ್ಥನೆಯೇ ಅವರ ಕೆಲಸ. ನಿಮ್ಮ ನೋಟ್‌ಬುಕ್ಕಿನಲ್ಲಿ ರೋಗಿಗಳ ಹಾಸಿಗೆ ಮತ್ತೆ ಮತ್ತೆ ಬಂದರೆ ಆಸ್ಪತ್ರೆ ನಡೆಸುವ ಸಭೆಗಳನ್ನು ನೋಡಿ. ಎರಡಕ್ಕಾದರೂ ಹೋಗಿ ನೋಡಿ. ಹಲವು ಸಂಸ್ಥೆಗಳು ಬೇಸಿಗೆ ರಜೆಯಲ್ಲಿ ‘ಬಂದು ನೋಡಿ’ ಶಿಬಿರ ನಡೆಸುತ್ತವೆ. ಹೋಗಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ, ಅಲ್ಲಿ ಎಲ್ಲವೂ ಅತಿಥಿಗಳಿಗಾಗಿ ಒಪ್ಪವಾಗಿರುತ್ತದೆ. ಅನುಮತಿ ಕೇಳಿ, ಹಬ್ಬವಿಲ್ಲದ ಒಂದು ಮಂಗಳವಾರವೋ ಬುಧವಾರವೋ ಹೋಗಿ ಎರಡು ದಿನ ಇರಿ.

ಆಗ ಮೊದಲು ನೋಡಬೇಕಾದದ್ದು ಚಾಪೆಲ್ ಅಲ್ಲ, ವಯಸ್ಸಾದ ಸಿಸ್ಟರ್‌ಗಳ ಕೋಣೆ. ನೀವು ನರ್ಸ್, ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಸಿಗೆಯ ಹೊದಿಕೆ ಒಣಗಿದೆಯೇ, ನೀರಿನ ಲೋಟ ಕೈಗೆ ಎಟಕುವಂತಿದೆಯೇ, ಬೆನ್ನಿನಲ್ಲಿ ಹುಣ್ಣಿದೆಯೇ, ದಿನದಲ್ಲಿ ಯಾರಾದರೂ ಹತ್ತಿರ ಕೂತು ಮಾತನಾಡುತ್ತಾರೆಯೇ. ಐವತ್ತು ವರ್ಷ ದುಡಿದವರನ್ನು ಒಂದು ಮನೆ ಹೇಗೆ ನೋಡಿಕೊಳ್ಳುತ್ತದೋ, ನಿಮ್ಮನ್ನೂ ಹಾಗೇ ನೋಡಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರು ಕಿರಿಯರು ಮಾತ್ರವೇ, ಮದರ್ ಕೂಡ ಕೈಹಾಕುತ್ತಾರೆಯೇ ಎಂಬುದನ್ನೂ ಗಮನಿಸಿ. ಬಿಟ್ಟುಹೋದವರ ಬಗ್ಗೆ ಕೇಳಿ. ಅವರನ್ನು ಹೆಸರಿಟ್ಟು ಗೌರವದಿಂದ ನೆನೆಯುವ ಮನೆ ಒಳ್ಳೆಯ ಮನೆ. ನಿಯಮಾವಳಿಯ ಪ್ರತಿ ಓದಲು ಕೊಡುತ್ತಾರೆಯೇ, ಮನೆಗೆ ಹೋಗಲು ಎಷ್ಟು ವರ್ಷಕ್ಕೊಮ್ಮೆ ರಜೆ, ಏನಾದರೂ ತೊಂದರೆಯಾದರೆ ಮನೆಯ ಮುಖ್ಯಸ್ಥರನ್ನು ದಾಟಿ ಯಾರಿಗೆ ದೂರು ಕೊಡಬಹುದು, ಸೇರುವವರ ವಯಸ್ಸಿಗೆ ಮಿತಿ ಇದೆಯೇ, ಇದನ್ನೆಲ್ಲ ಸಂಕೋಚವಿಲ್ಲದೆ ಕೇಳಿ. ಕೇಳಿದ್ದಕ್ಕೆ ಬೇಸರಪಟ್ಟುಕೊಂಡರೆ ಅದೂ ಒಂದು ಉತ್ತರ.

ಸೇರಿದ ಮೇಲಿನ ವರ್ಷಗಳ ಲೆಕ್ಕ ಹೀಗೆ. ಮೊದಲ ಹಂತಗಳಾದ ಆಕಾಂಕ್ಷಿ, ಪೋಸ್ಟುಲೆಂಟ್ ಕಾಲ ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ಎರಡೂ ಸೇರಿ ಸುಮಾರು ಎರಡು ವರ್ಷ ಎಂದಿಟ್ಟುಕೊಳ್ಳಿ. ಆಮೇಲೆ ನೊವಿಷಿಯೇಟ್. ಕನಿಷ್ಠ 12 ತಿಂಗಳು ಆ ಮನೆಯಲ್ಲೇ ಕಳೆಯಬೇಕು, ಒಟ್ಟು ಎರಡು ವರ್ಷ ದಾಟುವಂತಿಲ್ಲ. ಸಂದೇಹ ಉಳಿದರೆ ಹೆಚ್ಚೆಂದರೆ ಆರು ತಿಂಗಳು ವಿಸ್ತರಣೆ. ಆ 12 ತಿಂಗಳಲ್ಲಿ ಒಟ್ಟು ಮೂರು ತಿಂಗಳಿಗಿಂತ ಹೆಚ್ಚು ಕಾಲ ಹೊರಗಿದ್ದರೆ ನೊವಿಷಿಯೇಟೇ ಅಸಿಂಧು, 15 ದಿನ ದಾಟಿದರೆ ಆ ದಿನಗಳನ್ನು ತುಂಬಿಕೊಡಬೇಕು. ಮನೆಯಲ್ಲಿ ಯಾರಿಗಾದರೂ ದೊಡ್ಡ ಆಪರೇಷನ್ ಇದ್ದರೆ ನೊವಿಷಿಯೇಟಿಗೆ ಮೊದಲೇ ಮುಗಿಸಿಕೊಳ್ಳಿ ಎಂದು ಹೇಳುವುದು ಇದಕ್ಕೇ. ನಂತರ ಬಡತನ, ಬ್ರಹ್ಮಚರ್ಯ, ವಿಧೇಯತೆಯ ಮೊದಲ ವ್ರತ. ಅದು ತಾತ್ಕಾಲಿಕ: ಮೂರು ವರ್ಷಕ್ಕೆ ಕಡಿಮೆಯಿಲ್ಲದೆ, ಸಾಮಾನ್ಯವಾಗಿ ಆರು ವರ್ಷದವರೆಗೆ, ವಿಶೇಷ ಕಾರಣವಿದ್ದರೆ ಒಂಬತ್ತರವರೆಗೆ. ಆಮೇಲೆ ನಿತ್ಯವ್ರತ. ನೀವು 26ರ ಹೊತ್ತಿಗೆ ಸೇರಿದರೆ ಮೊದಲ ವ್ರತಕ್ಕೆ ಸುಮಾರು 30, ನಿತ್ಯವ್ರತಕ್ಕೆ 36. ಧರ್ಮಸಭೆ ನಿಮ್ಮಿಂದ ಜೀವಮಾನದ ಮಾತು ಕೇಳುವುದು ಹತ್ತು ವರ್ಷ ನೋಡಿದ ಮೇಲೆ. ಅಂದಮೇಲೆ ಬರುವ ಜೂನ್‌ಗೆ ಇಷ್ಟು ಅವಸರ ಏಕೆ?

ಕಾಗದಪತ್ರಗಳು: ಹೊಸದಾಗಿ ಬರೆಸಿದ ಸ್ನಾನದೀಕ್ಷೆಯ ಪ್ರಮಾಣಪತ್ರ, ದೃಢೀಕರಣ ಸಂಸ್ಕಾರದ್ದು, ನೀವು ಅವಿವಾಹಿತೆ ಎಂಬ ದೃಢೀಕರಣ, ವಿಚಾರಣಾ ಗುರುಗಳ (ನಿಮ್ಮ ಚರ್ಚಿನ ಫಾದರ್) ಪತ್ರ, ವೈದ್ಯಕೀಯ ವರದಿ, ಅಂಕಪಟ್ಟಿಗಳು. ಮೂಲ ಅಂಕಪಟ್ಟಿ ಆಸ್ಪತ್ರೆಯವರ ಬಳಿ ಇದ್ದರೆ ರಾಜೀನಾಮೆಗೆ ಮೊದಲೇ ವಿಚಾರಿಸಿ, ಬಾಂಡ್ ಇದ್ದರೆ ಅದರ ಅವಧಿ ನೋಡಿಕೊಳ್ಳಿ. ಆಸ್ತಿಯ ವಿಷಯದಲ್ಲಿ ಒಂದು ಮಾತು. ಮೊದಲ ವ್ರತಕ್ಕೆ ಮುಂಚೆ ನಿಮ್ಮ ಆಸ್ತಿಯನ್ನು ನೋಡಿಕೊಳ್ಳುವ ಹೊಣೆಯನ್ನು ಬೇರೆಯವರಿಗೆ ಒಪ್ಪಿಸಬೇಕು, ನಿತ್ಯವ್ರತಕ್ಕೆ ಮುಂಚೆ ಕಾನೂನಿಗೆ ನಿಲ್ಲುವ ಉಯಿಲು ಬರೆಯಬೇಕು. ವ್ರತದ ನಂತರ ದುಡಿದದ್ದು ಸಂಸ್ಥೆಯದು. ಹಾಗಾಗಿ ಸಿಸ್ಟರ್ ಆದ ಮೇಲೆ ಮನೆಗೆ ತಿಂಗಳಿಗೆ 5,000 ಕಳಿಸುತ್ತೇನೆ ಎಂದು ಯಾರಿಗೂ ಮಾತು ಕೊಡಬೇಡಿ, ಅದು ನಿಮ್ಮ ಕೈಯಲ್ಲಿರುವುದಿಲ್ಲ.

ತಂದೆಯ ಬಳಿ ಮಾತನಾಡಬೇಕಾದದ್ದೂ ಇದನ್ನೇ. ನೀವು ಪ್ರಾಯಕ್ಕೆ ಬಂದವರು, ಕಾನೂನಿನ ಲೆಕ್ಕದಲ್ಲಿ ಅವರ ಒಪ್ಪಿಗೆ ಬೇಕಿಲ್ಲ. ಆದರೂ ಹೇಳದೆ ಹೋಗುವುದು ಬೇಡ. ಬೈಬಲಿನಲ್ಲಿ ಎಲೀಷನು ಹನ್ನೆರಡು ಜೋಡಿ ಎತ್ತು ಕಟ್ಟಿ ಉಳುತ್ತಿದ್ದಾಗ ಕರೆ ಬಂತು. ತಂದೆತಾಯಿಗೆ ಮುದ್ದಿಟ್ಟು ಬರುತ್ತೇನೆ ಎಂದ, ಕರೆದ ಪ್ರವಾದಿ ಎಲೀಯನು ತಡೆಯಲಿಲ್ಲ. ಫಾದರನ್ನೋ ಮದರನ್ನೋ ಕರೆದುಕೊಂಡು ಹೋಗಿ ಅವರ ಬಾಯಿಂದ ಹೇಳಿಸಬೇಡಿ. ನೀವೊಬ್ಬರೇ ಕೂತು, ಸಾಲ ಯಾವಾಗ ತೀರುತ್ತದೆ, ಯಾವಾಗ ಸೇರುತ್ತೇನೆ, ಎಷ್ಟು ವರ್ಷದವರೆಗೆ ಬಿಟ್ಟುಬರಲು ದಾರಿ ಇದೆ, ಇದನ್ನು ತಾರೀಖಿನ ಸಮೇತ ಒಂದು ಹಾಳೆಯಲ್ಲಿ ಬರೆದು ಕೊಡಿ. ಜೀವಮಾನವೆಲ್ಲ ಲೆಕ್ಕ ಬರೆದವರು ಅವರು, ಹಾಳೆಯಲ್ಲಿ ಬರೆದದ್ದು ಅವರಿಗೆ ಅರ್ಥವಾಗುತ್ತದೆ. ಒಂದೇ ದಿನಕ್ಕೆ ಒಪ್ಪಬೇಕೆಂದು ಕೇಳಬೇಡಿ. ಕೆಲವು ಮನೆಗಳಲ್ಲಿ ತಾಯಿ ಹರಕೆ ಹೊತ್ತು ಮಗಳನ್ನು ಕಳಿಸುವುದುಂಟು. ಅದು ತಂದೆಯ ವಿರೋಧಕ್ಕಿಂತ ಕೆಟ್ಟದ್ದು. ಒತ್ತಾಯ, ಭಯ, ಮೋಸದಿಂದ ಸೇರಿದವರ ಪ್ರವೇಶವೇ ಅಸಿಂಧು ಎಂದು 643ನೇ ವಿಧಿ ಹೇಳುತ್ತದೆ.

ಸೇರಿದ ಮೇಲೆ ಮತ್ತೆ ಒಣಗುತ್ತದೆ, ಖಂಡಿತ. ಸಾಮಾನ್ಯವಾಗಿ ನೊವಿಷಿಯೇಟಿನ ಎರಡನೇ ವರ್ಷ, ಇಲ್ಲವೇ ಮೊದಲ ವ್ರತದ ನಂತರ ಕೆಲಸ ರೂಢಿಯಾದ ಮೇಲೆ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಇವಾಗ್ರಿಯಸ್ ಎಂಬ ಸನ್ಯಾಸಿ ಇದನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದಾನೆ. ನಡುಹಗಲು, ಸೂರ್ಯ ನಿಂತಲ್ಲೇ ನಿಂತಂತೆ, ದಿನಕ್ಕೆ ಐವತ್ತು ಗಂಟೆಯೇನೋ ಎಂಬಂತೆ. ಸನ್ಯಾಸಿ ಕಿಟಕಿಯಿಂದ ಇಣುಕುತ್ತಾನೆ, ಊಟದ ಹೊತ್ತಾಯಿತೇ ಎಂದು ಬಿಸಿಲು ನೋಡುತ್ತಾನೆ. ಈ ಜಾಗ ಸರಿಯಿಲ್ಲ, ಈ ಕೆಲಸ ಸರಿಯಿಲ್ಲ, ಇಲ್ಲಿ ಯಾರಿಗೂ ಪ್ರೀತಿಯಿಲ್ಲ, ಬೇರೆ ಕಡೆ ಹೋದರೆ ದೇವರನ್ನು ಇನ್ನೂ ಚೆನ್ನಾಗಿ ಸೇವಿಸಬಹುದು ಎಂದು ಯೋಚಿಸುತ್ತಾನೆ, ಮನೆಯವರ ನೆನಪು ಬರುತ್ತದೆ. ಮದ್ದು ಒಂದೇ: ಕುಟೀರ ಬಿಡದೆ ಕೈಯಲ್ಲಿರುವ ಕೆಲಸ ಮುಂದುವರಿಸು. ವರ್ಗಾವಣೆ ಕೇಳುವ ಪತ್ರ ಬರೆಯುವ ಮೊದಲು ಆ ತಿಂಗಳು ಮುಗಿಯಲಿ.

ಮದರ್ ತೆರೇಸಾ ಅವರ ಮಾತೂ ಇಲ್ಲಿ ಬೇಕು. ಲೊರೆಟೊ ಸಭೆಯಲ್ಲಿ 1937ರಲ್ಲೇ ನಿತ್ಯವ್ರತ ತೆಗೆದುಕೊಂಡವರು. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ, ಬಡವರ ನಡುವೆ ಹೋಗಿ ಬಾಳು ಎಂಬ ಎರಡನೇ ಕರೆ ಕೇಳಿದರು. ಕೋಲ್ಕತ್ತದ ಮಹಾಧರ್ಮಾಧ್ಯಕ್ಷ (ಆರ್ಚ್‌ಬಿಷಪ್) ಪೆರಿಯೇ ಅವರು ಕೂಡಲೇ ಒಪ್ಪಲಿಲ್ಲ, ಕಾಯಿಸಿದರು. ಸೀರೆ ಉಟ್ಟು ಕಾನ್ವೆಂಟಿನಿಂದ ಹೊರಬಂದದ್ದು 1948ರ ಆಗಸ್ಟ್ 17ರಂದು. ಬಂದವರೇ ಮೊದಲು ಪಟನಾಕ್ಕೆ ಹೋಗಿ ರೋಗಿಗಳ ಶುಶ್ರೂಷೆ ಕಲಿತರು. ನಿಮಗೆ ಅದು ಆಗಲೇ ಬರುತ್ತದೆ. ಆ ಕೆಲಸ ಶುರುವಾದ ಮೇಲೆ ಪ್ರಾರ್ಥನೆಯಲ್ಲಿ ಕತ್ತಲೆಯೇ ಹೆಚ್ಚು, 1997ರಲ್ಲಿ ತೀರಿಕೊಳ್ಳುವವರೆಗೂ ಬಹುಪಾಲು ಹಾಗೇ ಇತ್ತೆಂದು ಅವರ ಪತ್ರಗಳು ಹೇಳುತ್ತವೆ. ನಿಮ್ಮ ಮೂರು ತಿಂಗಳ ಬರಗಾಲವನ್ನು ಅದರ ಪಕ್ಕದಲ್ಲಿಟ್ಟು ನೋಡಿ.

ಕೊನೆಯದಾಗಿ, ಬಿಟ್ಟುಬರುವ ಮಾತು. ನೊವಿಸ್ ಯಾವ ದಿನ ಬೇಕಾದರೂ ಸ್ವತಂತ್ರವಾಗಿ ಹೋಗಬಹುದು. ತಾತ್ಕಾಲಿಕ ವ್ರತದ ಅವಧಿ ಮುಗಿದ ದಿನವೂ ಹಾಗೆಯೇ. ನಡುವೆ ಹೋಗಬೇಕಾದರೆ ಸಂಸ್ಥೆಯ ಪರಮೋಚ್ಚ ಮುಖ್ಯಸ್ಥರ ಅನುಮತಿ ಬೇಕು. ನಿತ್ಯವ್ರತದ ನಂತರವೇ ವಿಷಯ ರೋಮ್ ಅಥವಾ ಧರ್ಮಾಧ್ಯಕ್ಷರವರೆಗೆ ಹೋಗುವುದು. ಈ ಹಂತಗಳನ್ನು ಇಟ್ಟಿರುವುದೇ ಮರಳುವವರು ಗೌರವದಿಂದ ಮರಳಲಿ ಎಂದು. ಊರಿನವರು ಎರಡು ಭಾನುವಾರ ಮಾತನಾಡುತ್ತಾರೆ. ಆ ಮಾತಿಗೆ ಹೆದರಿ ನಿತ್ಯವ್ರತ ತೆಗೆದುಕೊಳ್ಳುವುದು ಮಾತ್ರ ದೇವರಿಗೂ ನಿಮಗೂ ಅನ್ಯಾಯ. ಹೋಗಬೇಕೆನಿಸಿದರೆ ಕಾರಣವನ್ನು ಬರೆದಿಡಿ, ಮನಸ್ಸು ತಿಳಿಯಾಗುವವರೆಗೆ ಕಾಯಿರಿ, ಮತ್ತೆ ಆ ನಾಲ್ಕು ಭಾಗದ ಹಾಳೆ ಬರೆಯಿರಿ, ನೊವಿಸ್ ಮಿಸ್ಟ್ರೆಸ್ (ತರಬೇತಿಯ ಹೊಣೆ ಹೊತ್ತ ಸಿಸ್ಟರ್) ಹಾಗೂ ಮಾರ್ಗದರ್ಶಿಗೆ ತಿಳಿಸಿ, ಹಗಲಿನಲ್ಲಿ ಮುಂಬಾಗಿಲಿನಿಂದ ಬನ್ನಿ. ಯಾರಾದರೂ ನಿಮಗೆ ಹಿಂಸೆ ಕೊಟ್ಟರೆ, ಮೈಮುಟ್ಟಿದರೆ, ಈ ಕಾಯುವ ನಿಯಮ ಯಾವುದೂ ಅನ್ವಯಿಸುವುದಿಲ್ಲ, ಅದೇ ಗಳಿಗೆ ಹೊರಗೆ ಬಂದು ಮನೆಗೂ ಪೊಲೀಸರಿಗೂ ತಿಳಿಸಿ.

ಮಾಡಿದ ಕೆಲಸಕ್ಕೆ ಸಂಬಳ ಕೇಳುವ ಹಕ್ಕು ಹೊರಬರುವಾಗ ಇರುವುದಿಲ್ಲ. ಆದರೆ ಸಂಸ್ಥೆ ನ್ಯಾಯದಿಂದ, ಕರುಣೆಯಿಂದ ನಡೆದುಕೊಳ್ಳಬೇಕು ಎಂದು 702ನೇ ವಿಧಿ ಹೇಳುತ್ತದೆ. ಹಾಗಾಗಿ ನರ್ಸಿಂಗ್ ಕೌನ್ಸಿಲ್ ನೋಂದಣಿಯನ್ನು ಕಾನ್ವೆಂಟಿನಲ್ಲಿದ್ದಾಗಲೂ ನವೀಕರಿಸುತ್ತಿರಿ. ಒಳಗೆ ಉಳಿದರೆ ಸಂಸ್ಥೆಯ ಆಸ್ಪತ್ರೆಗೂ ಅದು ಬೇಕು. ಅಕ್ಟೋಬರ್ 5ಕ್ಕೆ ಮೊದಲ 10,000 ಕಟ್ಟಿ, ಅದೇ ದಿನ ನೋಟ್‌ಬುಕ್ಕಿನ ಮೊದಲ ಎರಡು ಸಾಲು ಬರೆಯಿರಿ.